ಕ್ಷಯ ಎಂದು ಕೆತ್ತಬೇಡಿ

2391, ಫೆಬ್ರವರಿ 30

ಇಪ್ಪತ್ತೊಂದನೆಯ ಶತಮಾನದ ಹಿರಿಯರಿಗೆ,

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಇದು ನಿಮ್ಮ ಹಳೆಯ ಕಡತಗಳನ್ನು ಓದಿ ಕಲಿತ ಕನ್ನಡ, ಎಲ್ಲಾದರೂ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗಾ, ನೀವು ಗುಡ್ಡ ಕೊರೆದು ಕಟ್ಟಿದ ಪ್ರಯೋಗಾಲಯದಲ್ಲಿ ಕೊನೆಗೆ ಉಳಿದವಳು.

ಕೆಲಸ ನೀವು ಬಿಟ್ಟುಹೋದದ್ದೇ. ಹಗುರ ಪರಮಾಣುಗಳನ್ನು ಭಾರವಾದವುಗಳಿಗೆ ಅಪ್ಪಳಿಸಿ, ಲೋಕದಲ್ಲೆಲ್ಲೂ ಸಿಗದ ಒಂದು ಪರಮಾಣು ಬೀಜವನ್ನು ಹುಟ್ಟಿಸುತ್ತೇನೆ. ಅದು ಎವೆಯಿಕ್ಕುವುದರೊಳಗೆ ಒಡೆದುಹೋಗುತ್ತದೆ. ಒಡೆದಾಗ ಗಂಟೆ ಬಡಿಯುತ್ತದೆ. ಹುಟ್ಟಿ ಒಡೆಯುವವರೆಗಿನ ಆ ಚೂರು ಹೊತ್ತಿಗೆ ನಾವು ‘ಮಿಣುಕು’ ಎನ್ನುತ್ತೇವೆ. ಸಾವಿರ ಮಿಣುಕು ಅಳೆದರೆ ಬೀಜದ ಆಯಸ್ಸು ಖಚಿತವಾಗುತ್ತದೆಂದು ನೀವು ಬರೆದಿಟ್ಟಿದ್ದೀರಿ. ಮುನ್ನೂರು ವರ್ಷ ಕಳೆದರೂ ಆರುನೂರ ಹನ್ನೆರಡೇ ಆಗಿತ್ತು. ಅಣೆಕಟ್ಟಿನವರು ವರ್ಷಕ್ಕೆ ಹನ್ನೆರಡು ದಿನ ಮಾತ್ರ ಕರೆಂಟು ಕೊಡುತ್ತಾರೆ; ಅದು ನಮ್ಮ ‘ಬೆಳಕುಗಾಲ’. ಉಳಿದ ದಿನ ಉಪಕರಣ ಒರೆಸುತ್ತೇನೆ, ಸಜ್ಜೆ ಬೀಸುತ್ತೇನೆ, ಬಾವಲಿ ಓಡಿಸುತ್ತೇನೆ.

ಬಾಗಿಲ ಮೇಲಿನ ಕಲ್ಲಿನಲ್ಲಿ ನೀವು ‘ಕ್ಷಯ ಅಧ್ಯಯನ ಕೇಂದ್ರ’ ಎಂದು ಕೆತ್ತಿಸಿದ್ದೀರಿ. ಬೀಜ ಒಡೆಯುವುದಕ್ಕೆ ಕ್ಷಯ ಎಂಬುದು ನಿಮ್ಮ ಪುಸ್ತಕದ ಮಾತು. ನಮ್ಮ ಕಾಲಕ್ಕೆ ಕೆಮ್ಮಿನ ಕ್ಷಯ ತಿರುಗಿ ಬಂದಿದೆ, ಯಾವ ಮಾತ್ರೆಗೂ ಬಗ್ಗುತ್ತಿಲ್ಲ.

ಹೋದ ವರ್ಷದ ಬೆಳಕುಗಾಲದಲ್ಲಿ ದುರುಗವ್ವ ಎಂಬಾಕೆ ತಂಗಿ ಪಾರವ್ವನನ್ನು ಬೆನ್ನ ಮೇಲೆ ಹೊತ್ತು ಒಂಬತ್ತು ದಿನ ನಡೆದು ಬಂದಳು. ಇದು ಆಸ್ಪತ್ರೆಯಲ್ಲ ಎಂದೆ.

“ಕಲ್ಲಿನ ಮ್ಯಾಲ ಕ್ಷಯ ಅಂತ ಕೆತ್ಯಾರಲ್ರೀ ಯವ್ವಾ,” ಎಂದಳು.

ಬಿಡಿಸಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಗಂಟೆ ಬಡಿಯಿತು.

“ಒಂದು ಹೋತೇನ್ರೀ?” ದುರುಗವ್ವ ತಂಗಿಯ ಎದೆ ಮುಟ್ಟಿ ಕೇಳಿದಳು; ಗಂಟೆಗೊಂದು ರೋಗದ ಹುಳ ಸಾಯುತ್ತದೆಂದು ಅವಳ ಎಣಿಕೆ.

ನಾನು ಬೀಜವನ್ನೇ ನೆನೆದು, ಹೋಯಿತು ಎಂದುಬಿಟ್ಟೆ. ಪಾರವ್ವ ನಕ್ಕಳು. ಆ ನಗು ಕಂಡ ಮೇಲೆ ನಿಜ ಹೇಳುವುದು ಬಿಟ್ಟು ಒಳಗೆ ಚಾಪೆ ಹಾಸಿಕೊಟ್ಟೆ. ನಾಲ್ಕನೆಯ ದಿನ ಅವಳು ತೀರಿಕೊಂಡಳು. ತಡವಾಗಿ ಕರೆತಂದೆನೆಂದು ದುರುಗವ್ವ ತನ್ನನ್ನೇ ಬೈದುಕೊಂಡು, ನನ್ನ ಕಾಲಿಗೆ ಬಿದ್ದು ಹೋದಳು. ಅಂಥ ನಾಚಿಕೆ ನನಗೆಂದೂ ಆಗಿರಲಿಲ್ಲ.

ಗುಡ್ಡದ ಮೇಲೆ ಗಂಟೆ ಬಡಿದು ಕ್ಷಯ ಕಳೆಯುತ್ತಾರೆಂದು ಈಗ ಊರೂರಿಗೆ ಸುದ್ದಿ ಹಬ್ಬಿದೆ. ನಿಜ ಹೇಳಿದರೆ, ಸಾಗಹಾಕಲು ನೆಪ ಹೇಳುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅಣೆಕಟ್ಟು ಬಿರುಕು ಬಿಟ್ಟಿದೆಯಂತೆ, ಮುಂದಿನ ವರ್ಷದಿಂದ ಕರೆಂಟಿಲ್ಲವೆಂದು ಹೇಳಿಕಳಿಸಿದ್ದಾರೆ. ಸಾವಿರದ ಮಾತು ಅಲ್ಲಿಗೆ ಮುಗಿಯಿತು.

ಈ ಕಾಗದ ನಿಮ್ಮನ್ನು ತಲುಪದೆಂದು ಗೊತ್ತು. ಆದರೂ ಕೇಳುತ್ತೇನೆ: ಕಲ್ಲುಕುಟಿಗ ಇನ್ನೂ ಉಳಿ ಎತ್ತಿರದಿದ್ದರೆ ಬೇರೆ ಪದ ಹುಡುಕಿ. ಒಡೆಯುವುದು ಎನ್ನಿ, ಸವೆಯುವುದು ಎನ್ನಿ, ಏನೂ ಬರೆಸದಿದ್ದರೂ ಸರಿ.

ನೀನೇ ಅಳಿಸಬಾರದಿತ್ತೇ ಎನ್ನುವಿರಿ. ನಿನ್ನೆ ಏಣಿ ಹಾಕಿ, ಉಳಿ ಹಿಡಿದು ಹತ್ತಿದೆ. ಕೆಳಗೆ ನಲವತ್ತು ಜನ ಕೆಮ್ಮುತ್ತಲೇ ತಲೆಯೆತ್ತಿ ನೋಡುತ್ತಿದ್ದರು. ಸೆರಗಿನಿಂದ ಅಕ್ಷರಗಳ ದೂಳು ಒರೆಸಿ ಇಳಿದುಬಿಟ್ಟೆ.

ನನಗೂ ಕೆಮ್ಮು ಶುರುವಾಗಿ ತಿಂಗಳಾಯಿತು. ಇಂದು ಗಂಟೆ ಬಡಿದಾಗ, ಆರುನೂರ ಹದಿಮೂರು ಎಂದು ಬರೆಯುವುದಕ್ಕೂ ಮೊದಲು, ಒಂದು ಹೋಯಿತೇ ಎಂದು ನನ್ನ ಎದೆಯನ್ನೇ ಮುಟ್ಟಿ ನೋಡಿಕೊಂಡೆ.

ನಿಮ್ಮ
ನೀಲಗಂಗಾ