ಭಾಷಣಕಾರರ ಕಾಲಂ

ಬುಧವಾರ, ಜುಲೈ 9

ಇನ್ನೂ ಮೈ ಉರೀತಿದೆ. ನಮ್ಮೂರ ಯುವಜನ ಆಯೋಗದಲ್ಲಿ ಹನ್ನೊಂದು ಜನ, ಅದರಲ್ಲಿ ಹದಿನಾರು ವರ್ಷದವಳು ನಾನೊಬ್ಬಳೇ. ಇವತ್ತು ನನ್ನ ಅರ್ಜಿ ಓದಿದರು. ಶನಿವಾರ ಸಂಜೆ ಆಯೋಗದ ಸಭಾಂಗಣದ ಬಾಗಿಲು ತೆಗೆದಿಡಿ, ನಮ್ಮ ವಯಸ್ಸಿನವರು ಬಂದು ಕೂತು ಹರಟೆ ಹೊಡೀತೀವಿ. ಕೇಳಿದ್ದು ಅಷ್ಟೇ.

"ಸುಮ್ನೆ ಕೂರೋದೂ ಒಂದು ಕಾರ್ಯಕ್ರಮನೇನಮ್ಮಾ?" ಅಂದರು ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ನಕ್ಕರು.

ಅರ್ಜಿಯಲ್ಲಿ 'ಭಾಷಣಕಾರರು' ಅಂತ ಒಂದು ಕಾಲಂ ಇದೆ. ಅದು ತುಂಬದಿದ್ದರೆ ಬೀಗ ತೆಗೆಯಲ್ಲವಂತೆ. ನಾನು 'ಯಾರೂ ಇಲ್ಲ' ಅಂತ ತುಂಬಿದ್ದೆ. ತಿದ್ದೋಕೆ ಸುಲಭ ಅಂತ ಅಧ್ಯಕ್ಷರೇ ಪೆನ್ಸಿಲಲ್ಲಿ ಬರೆಸಿದ್ದರು. ಅದನ್ನ ರಬ್ಬರಲ್ಲಿ ಉಜ್ಜಿ ತಮ್ಮ ಹೆಸರನ್ನೇ ಬರೆದುಕೊಂಡರು! ವಿಷಯ: ಶಿಸ್ತು.

ಬಸ್ ನಿಲ್ದಾಣದ ಮೆಟ್ಟಿಲಿಂದ ವಾಚ್‌ಮನ್ ಓಡಿಸ್ತಾನೆ, ಪಾರ್ಕಿನಿಂದ ವಾಕಿಂಗ್ ತಾತಂದಿರು ಓಡಿಸ್ತಾರೆ. ಕೂರೋಕೆ ಒಂದು ಜಾಗ ಕೇಳಿದರೆ ಅಲ್ಲೂ ಭಾಷಣ.

"ದೊಡ್ಡವರ ಹತ್ರ ಹಟ ಯಾಕೆ, ಬಿಟ್ಟಾಕು" ಅಂದ ಅಪ್ಪ. ಹೇಳಿದ್ದಕ್ಕೆಲ್ಲ ತಲೆ ಆಡಿಸೋಕೆ ನಾನೇನು ಕೋಲೆಬಸವನಾ?

ಹೊಸ ಅರ್ಜಿ ತಂದಿದ್ದೆ, ಈಗಷ್ಟೇ ತುಂಬಿದೆ. ಭಾಷಣಕಾರರು: ಯಾರೂ ಇಲ್ಲ. ಪೆನ್ನಲ್ಲಿ ಬರೆದಿದ್ದೀನಿ. ಅಳಿಸಲಿ ನೋಡೋಣ.