ಅಣ್ಣನಿಗೆ ಯಕೃತ್ತು ಕೊಟ್ಟವಳ ಗೈರುಹಾಜರಿ

ಮಾನ್ಯ ರಜೆ ಮಂಜೂರಾತಿ ಅಧಿಕಾರಿಗಳೇ,

ಕಾಯಿಲೆ ಬೀಳದೆಯೇ ಹೊಟ್ಟೆ ಕೊಯ್ಯಿಸಿಕೊಂಡ ತಪ್ಪಿಗೆ ತಾವು ನನ್ನ ಎಂಬತ್ತೆಂಟು ದಿನಗಳನ್ನು ‘ಅನಧಿಕೃತ ಗೈರುಹಾಜರಿ’ ಎಂದು ಬರೆದಿದ್ದೀರಿ. ಕೆಲಸದಿಂದ ಏಕೆ ತೆಗೆಯಬಾರದೆಂದು ಕಾರಣ ಕೇಳಿದ್ದೀರಿ. ಕಾರಣ, ನನ್ನ ಅಣ್ಣ. ಎರಡು ಪದದ ಉತ್ತರ ಕಚೇರಿಗೆ ಸಾಲದೇನೋ ಎಂದು ಎಲ್ಲರೂ ಓದುವಂತೆ ವಿವರವಾಗಿ ಬರೆಯುತ್ತಿದ್ದೇನೆ.

ಅಣ್ಣ ಕ್ಷೌರಿಕ. ಮೂವತ್ತು ವರ್ಷ ಊರಿನವರ ತಲೆ ತಿದ್ದಿದವನು. ಅವನ ಯಕೃತ್ತು ಕೆಟ್ಟಿತೆಂದಾಗ ಜನ ಮೊದಲು ಕೇಳಿದ್ದು “ಕುಡೀತಿದ್ನಾ?” ಎಂದು. ಕುಡಿಯುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ರಕ್ತಕ್ಕೆ ಸೇರಿದ ಸೋಂಕು ಸದ್ದಿಲ್ಲದೆ ಅದನ್ನು ತಿಂದುಹಾಕಿತ್ತು. ಕುಡಿಯುತ್ತಿದ್ದರೂ ನಾನು ಕೊಡುತ್ತಿದ್ದೆ, ಅದು ಬೇರೆ ಮಾತು. ಕಸಿ ಮಾಡದಿದ್ದರೆ ಕೆಲವೇ ತಿಂಗಳು ಎಂದರು ವೈದ್ಯರು. ನನ್ನ ಯಕೃತ್ತಿನ ಒಂದು ಭಾಗ ಅವನಿಗೆ ಹೊಂದುತ್ತದೆ, ಇಬ್ಬರಲ್ಲೂ ಅದು ಮತ್ತೆ ಬೆಳೆಯುತ್ತದೆ ಎಂದೂ ಹೇಳಿದರು. ಅಣ್ಣ ಕೇಳಿದ್ದು ಒಂದೇ: “ಅವಳಿಗೇನಾದ್ರೂ ಆದ್ರೆ?”

“ಅಪಾಯ ಕಡಿಮೆ. ಇಲ್ವೇ ಇಲ್ಲ ಅಂತ ಹೇಳೋಕಾಗಲ್ಲ.”

ಅಷ್ಟು ಸಾಕಾಯಿತು. ಎದ್ದು ಹೊರಟೇಬಿಟ್ಟ.

ಇಪ್ಪತ್ತು ದಿನ ಹಟ ಹಿಡಿದ. ಹೊಟ್ಟೆಯಲ್ಲಿ ನೀರು ತುಂಬಿ ಅಂಗಿಯ ಗುಂಡಿ ಕೂರುತ್ತಿರಲಿಲ್ಲ, ಆದರೂ ಅಂಗಡಿ ಬಿಡಲಿಲ್ಲ. ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಅರ್ಧ ತಲೆಯ ಕೂದಲು ಕತ್ತರಿಸಿ ಹಾಗೇ ನಿಂತುಬಿಟ್ಟ. ಕೈಯಲ್ಲಿರುವ ಕತ್ತರಿ ಯಾತಕ್ಕೆಂಬುದೇ ಮರೆತುಹೋಗಿತ್ತು. ಯಕೃತ್ತು ಸೋಸಿ ತೆಗೆಯಬೇಕಾದ ವಿಷ ಮಿದುಳಿಗೇರಿದೆ ಎಂದರು ವೈದ್ಯರು. ಆಸ್ಪತ್ರೆಯಲ್ಲಿ ಮೂರನೆಯ ದಿನ ಅವನ ತಲೆ ತಿಳಿಯಾದ ಮೇಲೆ ನಾನು ಮಂಚದ ಪಕ್ಕ ಕೂತೆ.

“ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕ್ಬೇಕೇನೇ?” ಎಂದ.

“ಕೆಲಸ ಕಲಿಯೋವಾಗ ನನ್ನ ಜಡೆ ಕತ್ತರಿಸಿದ್ಯಲ್ಲ, ಆಗ ನನ್ನ ಒಪ್ಪಿಗೆ ಕೇಳಿದ್ಯಾ?”

“ಅದು ಬೆಳೀತು.”

“ಇದೂ ಬೆಳೆಯುತ್ತಂತೆ.”

ನಕ್ಕ. ಆಮೇಲೆ ಅತ್ತ. ಆಮೇಲೆ ಸಹಿ ಹಾಕಿದ.

ಈಗ ತಮ್ಮ ವಿಷಯಕ್ಕೆ ಬರೋಣ. ನಾನು ಮುದ್ರಣಾಲಯದ ಬೈಂಡಿಂಗ್ ವಿಭಾಗದವಳು. ತಾವು ಬೆರಳಿಟ್ಟು ತೋರಿಸಿದ ರಜೆ ನಿಯಮಗಳ ಪುಸ್ತಕಕ್ಕೆ ಹೊಲಿಗೆ ಹಾಕಿದ್ದು ನಮ್ಮ ವಿಭಾಗವೇ. ಓದದೆ ಹೊಲಿದದ್ದು ನನ್ನ ತಪ್ಪು. ವೈದ್ಯಕೀಯ ರಜೆ ರೋಗಿಗೆ ಮಾತ್ರವಂತೆ. ನಾನೋ ‘ಸ್ವಇಚ್ಛೆಯಿಂದ’ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವಳು, ಅಂದಕ್ಕಾಗಿ ಮೂಗು ತಿದ್ದಿಸಿಕೊಂಡವರ ಸಾಲಿನವಳು. ಆಗಲಿ, ಆರೋಗ್ಯವಂತೆ ತಾನೇ ಎಂದು ಆರನೆಯ ವಾರ ಕೆಲಸಕ್ಕೆ ಬಂದೆ. ಕಾಗದದ ಕಟ್ಟು ಎತ್ತಬಾರದೆಂಬ ವೈದ್ಯರ ಚೀಟಿ ನೋಡಿ ತಮ್ಮದೇ ಕಚೇರಿ ‘ಪೂರ್ತಿ ಗುಣವಾದ ಮೇಲೆ ಬನ್ನಿ’ ಎಂದು ಬಾಗಿಲಿನಿಂದಲೇ ಕಳುಹಿಸಿತು. ಸ್ವಾಮಿ, ಕಾಯಿಲೆಯೇ ಇಲ್ಲದವಳು ಯಾವುದರಿಂದ ಗುಣವಾಗಬೇಕಿತ್ತು? ಎಂಬತ್ತೆಂಟು ದಿನಗಳ ಬಳಿಕ ಒಳಗೆ ಬಿಟ್ಟುಕೊಂಡಿರಿ, ಮರುವಾರವೇ ನೋಟಿಸು ಕಳುಹಿಸಿದಿರಿ.

ಇಷ್ಟಕ್ಕೇ ನಿಂತಿದ್ದರೆ ತಾಳಿಕೊಳ್ಳುತ್ತಿದ್ದೆ. ಆದರೆ ನೋಟಿಸು ಮನೆಗೆ ಬಂದಾಗ ನಾನು ಕೆಲಸದಲ್ಲಿದ್ದೆ. ಬಾಗಿಲು ತೆಗೆದವನು ಅಣ್ಣ. ಕಸಿಯಾದಂದಿನಿಂದ ನಮ್ಮ ಮನೆಯಲ್ಲೇ ಇದ್ದ. ಹೊಸ ಯಕೃತ್ತನ್ನು ದೇಹ ತಿರಸ್ಕರಿಸದಿರಲೆಂದು ಎರಡು ಹೊತ್ತೂ ಗಡಿಯಾರ ನೋಡಿ ಮಾತ್ರೆ ನುಂಗುತ್ತಿದ್ದ. ಆ ಮಾತ್ರೆಗಳಿಂದ ಕೈ ನಡುಗುತ್ತಿತ್ತು, ಸೋಂಕು ತಡೆಯುವ ಶಕ್ತಿಯೂ ಕುಗ್ಗಿತ್ತು. ಜನರ ಹತ್ತಿರ ಸುಳಿಯಬೇಡ ಎಂದು ವೈದ್ಯರು ಹೇಳಿದ್ದರು. ನೋಟಿಸು ಓದಿದವನು ಮರುದಿನವೇ ಯಾರಿಗೂ ಹೇಳದೆ ಅಂಗಡಿ ತೆರೆದ. “ನನ್ನಿಂದ ಅವಳ ಕೆಲಸ ಹೋಗ್ತಿದೆ, ನಾನು ಕಾಲು ಚಾಚಿ ಕೂರ್ಲಾ?” ಎಂದನಂತೆ ಪಕ್ಕದ ಇಸ್ತ್ರಿ ಅಂಗಡಿಯವರ ಹತ್ತಿರ. ನಾಲ್ಕು ದಿನ ನಡುಗುವ ಕೈಯಲ್ಲೇ ಕೆಮ್ಮುವ ಗಿರಾಕಿಗಳ ಕೂದಲು ಕತ್ತರಿಸಿದ. ಐದನೆಯ ದಿನ ಜ್ವರ ಬಂತು, ಸೋಂಕು ಶ್ವಾಸಕೋಶಕ್ಕಿಳಿಯಿತು. ಹನ್ನೊಂದು ದಿನ ಅವನನ್ನು ಆಸ್ಪತ್ರೆಯಲ್ಲಿ ಗಾಜಿನ ಈಚೆಯಿಂದ ನೋಡಿದೆ.

ಬದುಕಿಕೊಂಡ. ಈಗ ಮನೆಯಲ್ಲಿದ್ದಾನೆ. ಆದರೆ ಊಟಕ್ಕೆ ಕೂತಾಗ ನನ್ನ ಮುಖ ನೋಡುವುದಿಲ್ಲ. ಮೊನ್ನೆ “ಆವತ್ತು ಸಹಿ ಹಾಕ್ಬಾರದಿತ್ತು ಕಣೇ” ಎಂದ. ಅಷ್ಟು ಕಷ್ಟಪಟ್ಟು ಒಪ್ಪಿಸಿದವನನ್ನು ತಮ್ಮ ಅರ್ಧ ಹಾಳೆಯ ನೋಟಿಸು ಮತ್ತೆ ಹಿಂದಕ್ಕೆ ಎಳೆದೊಯ್ದಿದೆ. ಮಾತ್ರೆಯನ್ನು ಕದ್ದು ತಿನ್ನುವವನ ಹಾಗೆ ನುಂಗುತ್ತಾನೆ. ಒಂದು ದಿನ ನುಂಗದೇ ಇದ್ದರೆ? ಅವನು ಮಲಗಿದ ಮೇಲೆ ನಾನು ಪೊಟ್ಟಣ ತೆಗೆದು ಎಣಿಸುತ್ತೇನೆ.

ಅಂಗ ಕೊಟ್ಟವರೂ ನೋಯುತ್ತಾರೆ, ಅವರಿಗೂ ವೈದ್ಯಕೀಯ ರಜೆ ಸಲ್ಲಬೇಕು ಎಂದು ನಿಯಮದಲ್ಲಿ ಬರೆಯಿರಿ. ನನ್ನ ಮೇಲಿನ ನೋಟಿಸು ಹಿಂತೆಗೆದುಕೊಳ್ಳಿ. ಆ ಆದೇಶದ ಒಂದು ಪ್ರತಿಯನ್ನು ಅಣ್ಣನ ಹೆಸರಿಗೇ ಕಳುಹಿಸಿ. ಕೆಲಸ ಹೋಗುವುದಿಲ್ಲವೆಂದು ನಾನು ಹೇಳಿದರೆ ಅವನು ನಂಬುವುದಿಲ್ಲ. ಮೊಹರು ಬಿದ್ದ ಕಾಗದವನ್ನು ನಂಬುತ್ತಾನೆ. ನಂಬಿಯೇ ಅಲ್ಲವೇ ಅಂಗಡಿ ತೆರೆದದ್ದು?

ಇಂತಿ,
ತಮ್ಮ ಪುಸ್ತಕದಲ್ಲಿ ಇನ್ನೂ ಗೈರುಹಾಜರಾಗಿರುವ,
ಅವನ ತಂಗಿ