ನಾಯಿಗೆ ಹಚ್ಚುವ ಸೋಪು

ಮಯಾಮಿ, ಭಾನುವಾರ

ಅಮ್ಮಾ,

ನಾನು ಸುಖವಾಗಿ ತಲುಪಿದೆ. ಸೊರೈದಾ ಅಕ್ಕ ಚೆನ್ನಾಗಿ ದಪ್ಪಗಾಗಿದ್ದಾಳೆ. ಅವಳು ಇಲ್ಲಿಂದ ಕಳಿಸುವ ಹಳದಿ ಕಾಗದದ ಸೋಪಿದೆಯಲ್ಲ, ನೀನು ಮುತ್ತಿಟ್ಟು, ಯಾರಿಗೂ ಮುಟ್ಟಗೊಡದೆ, ಘಮ ಬರಲೆಂದು ಬೀರುವಿನಲ್ಲಿ ಬಟ್ಟೆಗಳ ನಡುವೆ ಇಡುತ್ತೀಯಲ್ಲ, ಅದನ್ನು ಇಲ್ಲಿ ನಾಯಿಗೆ ಹಚ್ಚುತ್ತಾಳೆ! ಇವತ್ತು ಕಣ್ಣಾರೆ ಕಂಡೆ.

ಆ ನೊರೆಗೈಯಲ್ಲೇ ನನಗೆ ಬುದ್ಧಿ ಹೇಳಿದಳು: “ಅಮೆರಿಕದವರು ಕ್ಯೂಬಾ ಜತೆ ವ್ಯಾಪಾರ ಶುರು ಮಾಡ್ಲೇಬಾರ್ದು ಕಣೇ. ನಿರ್ಬಂಧ ಇನ್ನೂ ಬಿಗಿ ಮಾಡ್ಬೇಕು. ಆಗ್ಲೇ ನಿಮ್ಮ ಸರ್ಕಾರದವರು ದಾರಿಗೆ ಬರೋದು.”

“ಅರವತ್ತು ವರ್ಷದಿಂದ ಬಿಗಿ ಮಾಡ್ತಾನೇ ಇದಾರಲ್ಲಕ್ಕಾ. ಸರ್ಕಾರದವರು ಯಾರೂ ಸೋಪಿಲ್ದೆ ಸ್ನಾನ ಮಾಡಿಲ್ಲ. ಮಾಡಿದ್ದು ಅಮ್ಮ” ಎಂದೆ.

“ಅಮ್ಮನಿಗೆ ಕಳ್ಸೋಕೆ ನಾನಿದೀನಲ್ಲೇ!” ಎಂದು ನಕ್ಕಳು.

ನನಗೆ ಮೈಯೆಲ್ಲ ಉರಿದುಹೋಯಿತು. ದಿನಾ ಬೆಳಗ್ಗೆ ಬ್ರೆಡ್ಡಿಗೆ ಸಾಲಿನಲ್ಲಿ ನಿಲ್ಲುವವಳು ನಾನು. ನಿನ್ನ ಕಾಲು ಒತ್ತುವವಳೂ ನಾನೇ. ಪಾರ್ಸೆಲ್ ಬಂದ ದಿನ ಮಾತ್ರ ಅಕ್ಕಪಕ್ಕದವರನ್ನೆಲ್ಲ ಕರೆದು ‘ನನ್ನ ಸೊರೈದಾ, ನನ್ನ ಸೊರೈದಾ’ ಎನ್ನುತ್ತೀಯೆ. ನನ್ನ ಹೆಸರನ್ನು ಹಾಗೆ ಯಾವತ್ತಾದರೂ ಹೇಳಿದ್ದೀಯಾ?

ನಿನ್ನ ಮಂಡಿನೋವಿಗೆ ಮುಲಾಮು ತರುತ್ತಿದ್ದೇನೆ. ಕೊಂಡದ್ದು ನಾನು, ಅಕ್ಕನಲ್ಲ, ನೆನಪಿರಲಿ.

ಪೋಸ್ಟ್‌ಕಾರ್ಡು ತುಂಬಿಹೋಯಿತು. ಈ ನಿರ್ಬಂಧ ನಾಳೆಯೇ ತೊಲಗಲಿ, ನಮ್ಮ ಬೀದಿಯ ಅಂಗಡಿಯಲ್ಲೇ ಆ ಸೋಪು ರಾಶಿ ಬೀಳಲಿ. ಆಗ ನೀನು ಮುತ್ತಿಡಲು ಮನೆಯಲ್ಲಿ ಉಳಿಯುವುದು ನಾನೊಬ್ಬಳೇ.

ನಿನ್ನ ಇನ್ನೊಬ್ಬ ಮಗಳು,
ಮಾರಿತ್ಸಾ